ಶಿಶುಗಳ ಪ್ರಾಣಮಿತ್ರೆ ಡಾಕ್ಟರ್ ವರ್ಜೀನಿಯಾ ಅಪ್ಗಾರ್

ನಮ್ಮ ಜೀವನದ ಮೊದಲ ಪರೀಕ್ಷೆ ಯಾವುದೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಬಹುಮಂದಿ ಒಂದನೆಯ ತರಗತಿಯ ಪರೀಕ್ಷೆಯನ್ನು ನೆನೆದುಕೊಳ್ಳುತ್ತೇವೆ. ಆದರೆ ಆಸ್ಪತ್ರೆಯಲ್ಲಿ ಜನಿಸಿದ ನಮ್ಮಲ್ಲಿ ಹೆಚ್ಚಿನವರು ಅದಕ್ಕಿಂತ ಎಷ್ಟೋ ಮುಂಚೆ, ಈ ಭೂಮಿಗೆ ಬಂದು ಒಂದೇ ಒಂದು ನಿಮಿಷ ಕಳೆದಿರುವಾಗಲೇ, ಒಂದು ಪರೀಕ್ಷೆಗೆ ಕುಳಿತಿದ್ದೇವೆ. ಕುಳಿತಿದ್ದೇವೆ ಎನ್ನುವುದಕ್ಕಿಂತ ಮಲಗಿದ್ದೆವು ಎನ್ನುವುದೇ ಸರಿ. ಆ ಪರೀಕ್ಷೆಯಲ್ಲಿ ಪ್ರಶ್ನೆಗಳು 5. ಪ್ರಶ್ನೆಯೊಂದಕ್ಕೆ ದೊರೆಯಬಹುದಾದ ಹೆಚ್ಚಿನ ಅಂಕ 2. ಒಟ್ಟು ಅಂಕಗಳು 10. ಉತ್ತರ ಕೊಡಬೇಕಾದುದು ನಮ್ಮ ನಾಲಗೆಯಲ್ಲ. ನಮ್ಮ ಹೃದಯ, ನಮ್ಮ ಉಸಿರು, ನಮ್ಮ ಕೈಕಾಲುಗಳು. ಅಂಕ ಕಡಿಮೆಯಾದರೆ ಅಲ್ಲಿ ದಂಡನೆಯಿಲ್ಲ. ಬದಲಾಗಿ ವೈದ್ಯರೂ ದಾದಿಯರೂ ಧಾವಿಸಿ ಬಂದು ಪರೀಕ್ಷಾರ್ಥಿಯ ನೆರವಿಗೆ ನಿಲ್ಲುತ್ತಾರೆ. ಇಂಥ ಕರುಣೆಯ ಪರೀಕ್ಷೆಯೊಂದನ್ನು ಲೋಕಕ್ಕೆ ಕೊಟ್ಟವರು ಅಮೇರಿಕಾದ ವೈದ್ಯೆ ಡಾಕ್ಟರ್ ವರ್ಜೀನಿಯಾ ಅಪ್ಗಾರ್. ಆಕೆಯ ಜೀವನವನ್ನು ಸಂಕ್ಷೇಪವಾಗಿ ನಮ್ಮ ವಿದ್ಯಾರ್ಥಿ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ವರ್ಜೀನಿಯಾ ಅಪ್ಗಾರ್ ಅವರು 1909ನೆಯ ಇಸವಿ ಜೂನ್ 7ರಂದು ಅಮೇರಿಕಾ ಸಂಯುಕ್ತ ಸಂಸ್ಥಾನದ ನ್ಯೂ ಜೆರ್ಸಿ ಪ್ರಾಂತಕ್ಕೆ ಸೇರಿದ ವೆಸ್ಟ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚಾರ್ಲ್ಸ್ ಅಪ್ಗಾರ್, ತಾಯಿ ಹೆಲೆನ್. ತಂದೆಯವರು ಜೀವನೋಪಾಯಕ್ಕೆ ಬೇರೆ ಉದ್ಯೋಗದಲ್ಲಿದ್ದರೂ ಅವರ ಮನಸ್ಸೆಲ್ಲ ವಿಜ್ಞಾನದಲ್ಲಿತ್ತು. ಮನೆಯಲ್ಲಿಯೇ ನಕ್ಷತ್ರಗಳನ್ನು ವೀಕ್ಷಿಸುವುದು, ಆಗತಾನೆ ಬಳಕೆಗೆ ಬರುತ್ತಿದ್ದ ನಿಸ್ತಂತು ಯಂತ್ರಗಳನ್ನು ಜೋಡಿಸಿ ದೂರದ ಸಂಕೇತಗಳನ್ನು ಹಿಡಿಯುವುದು ಅವರ ಹವ್ಯಾಸವಾಗಿದ್ದಿತು. ಮನೆಮಂದಿಗೆಲ್ಲ ಸಂಗೀತದಲ್ಲಿಯೂ ಅಭಿರುಚಿ. ಹೀಗೆ ಬಾಲ್ಯದಲ್ಲಿಯೇ ವರ್ಜೀನಿಯಾ ಅವರಿಗೆ ಎರಡು ಒಡನಾಡಿಗಳು ದೊರೆತವು: ಒಂದು ವಿಜ್ಞಾನ, ಇನ್ನೊಂದು ಪಿಟೀಲು. ಇವೆರಡೂ ಕೊನೆಯವರೆಗೆ ಆಕೆಯನ್ನು ಬಿಡಲಿಲ್ಲ.

ಆ ಮನೆಯಲ್ಲಿ ದುಃಖವೂ ಇದ್ದಿತು. ಮೂವರು ಮಕ್ಕಳಲ್ಲಿ ವರ್ಜೀನಿಯಾ ಕೊನೆಯವರು. ಹಿರಿಯಣ್ಣ ಎಳೆತನದಲ್ಲಿಯೇ ಕ್ಷಯರೋಗಕ್ಕೆ ತುತ್ತಾಗಿದ್ದನು. ಇನ್ನೊಬ್ಬ ಅಣ್ಣನನ್ನು ದೀರ್ಘಕಾಲದ ಕಾಯಿಲೆಯೊಂದು ಕಾಡುತ್ತಿದ್ದಿತು. ಮಗುವಿನ ಕಾಯಿಲೆ ಒಂದು ಮನೆಯನ್ನು ಹೇಗೆ ಕಂಗೆಡಿಸುವುದೆಂಬುದನ್ನು ಆಕೆ ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ಪ್ರೌಢಶಾಲೆಯನ್ನು ಮುಗಿಸುವ ವೇಳೆಗೆ ತಾನು ವೈದ್ಯೆಯಾಗಬೇಕೆಂಬ ನಿರ್ಧಾರ ಆಕೆಯ ಮನಸ್ಸಿನಲ್ಲಿ ನೆಲೆಯೂರಿದ್ದಿತು.

1925ರಲ್ಲಿ ಅವರು ಮೌಂಟ್ ಹೋಲಿಯೋಕ್ ಎಂಬ ಮಹಿಳಾ ಕಾಲೇಜನ್ನು ಸೇರಿ ಪ್ರಾಣಿಶಾಸ್ತ್ರವನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡರು. ಮನೆಯಲ್ಲಿ ಹಣದ ಅನುಕೂಲತೆ ಸಾಲದು. ವಿದ್ಯಾರ್ಥಿವೇತನದ ಜೊತೆಗೆ ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಖರ್ಚನ್ನು ತೂಗಿಸಬೇಕಾಗಿತ್ತು. ಪ್ರಯೋಗಶಾಲೆಗೆ ಬೇಕಾದ ಬೀದಿಬೆಕ್ಕುಗಳನ್ನು ಹಿಡಿದು ತರುವುದೂ ಆ ಕೆಲಸಗಳಲ್ಲಿ ಒಂದು! ಇಷ್ಟರ ನಡುವೆಯೂ ಕಾಲೇಜಿನ ಆಟದ ತಂಡಗಳಲ್ಲಿ ಆಡುವುದಕ್ಕೆ, ಕಾಲೇಜು ಪತ್ರಿಕೆಗೆ ಬರೆಯುವುದಕ್ಕೆ, ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸುವುದಕ್ಕೆ ಆಕೆಗೆ ವೇಳೆಯಿದ್ದಿತು. ವೇಳೆ ಸಾಲದೆಂದು ಗೊಣಗುವ ನಾವು ಈ ಸಂಗತಿಯನ್ನು ಸ್ವಲ್ಪ ಗಮನಿಸುವುದು ಒಳ್ಳೆಯದು.

1929ರಲ್ಲಿ ಪದವಿ ಪಡೆದು ಅವರು ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಸೇರಿದರು. ನಮ್ಮ ಡಾಕ್ಟರ್ ಅಂಬೇಡ್ಕರರು ಅದಕ್ಕೆ ಕೆಲವು ವರ್ಷಗಳ ಹಿಂದೆ ವ್ಯಾಸಂಗ ಮಾಡಿದ ವಿಶ್ವವಿದ್ಯಾಲಯವೇ ಇದು. ಕಾಲೇಜು ಸೇರಿದ ಮರುತಿಂಗಳೇ ಅಮೇರಿಕಾದ ಷೇರುಪೇಟೆ ಕುಸಿದುಬಿದ್ದು ದೇಶವೆಲ್ಲ ದಾರಿದ್ರ್ಯಕ್ಕೆ ಈಡಾಯಿತು. ಆಕೆ ಸಾಲ ಮಾಡಿಯೇ ಓದಿದರು. 1933ರಲ್ಲಿ ತರಗತಿಗೆ ನಾಲ್ಕನೆಯವರಾಗಿ ತೇರ್ಗಡೆ ಹೊಂದಿ ಹೊರಬಂದಾಗ ಆಕೆಯ ಕೈಯಲ್ಲಿ ವೈದ್ಯ ಪದವಿ ಇದ್ದಿತು. ತಲೆಯ ಮೇಲೆ ಸುಮಾರು 4,000 ಡಾಲರುಗಳ ಸಾಲವೂ ಇದ್ದಿತು.

ಶಸ್ತ್ರವೈದ್ಯೆಯಾಗಬೇಕೆಂಬುದು ಅಪ್ಗಾರ್ ಅವರ ಹಂಬಲ. ಪ್ರೆಸ್‌ಬಿಟೇರಿಯನ್ ಆಸ್ಪತ್ರೆಯಲ್ಲಿ ಆ ವಿದ್ಯೆಯನ್ನು ಅಭ್ಯಾಸ ಮಾಡತೊಡಗಿ ಒಳ್ಳೆಯ ಹೆಸರನ್ನೂ ಪಡೆದರು. ಆದರೆ ಅಲ್ಲಿನ ಮುಖ್ಯ ಶಸ್ತ್ರವೈದ್ಯರಾದ ಅಲೆನ್ ವಿಪಲ್ ಅವರು ಆಕೆಗೆ ಬೇರೆಯ ಹಾದಿಯನ್ನು ತೋರಿಸಿದರು. ತಾವು ತರಬೇತುಗೊಳಿಸಿದ ಹಿಂದಿನ ಮಹಿಳೆಯರು ಶಸ್ತ್ರವೈದ್ಯ ವೃತ್ತಿಯಲ್ಲಿ ಜೀವನ ಸಾಗಿಸಲಾರದೆ ಹೋದುದನ್ನು ಅವರು ಕಂಡಿದ್ದರು. ಅಲ್ಲದೆ ಶಸ್ತ್ರಚಿಕಿತ್ಸೆ ಮುಂದುವರಿಯಬೇಕಾದರೆ ರೋಗಿಗೆ ನೋವು ತಿಳಿಯದಂತೆ ಮಾಡುವ ಅರಿವಳಿಕೆಯ ವಿದ್ಯೆಯೂ ಮುಂದುವರಿಯಬೇಕೆಂಬುದು ಅವರ ಅಭಿಪ್ರಾಯ. ಆ ಕಾಲದಲ್ಲಿ ಅರಿವಳಿಕೆ ಕೊಡುವ ಕೆಲಸವನ್ನು ಬಹುಮಟ್ಟಿಗೆ ದಾದಿಯರೇ ಮಾಡುತ್ತಿದ್ದರು. ವೈದ್ಯರು ಅದನ್ನು ತಮಗೆ ತಕ್ಕ ಕೆಲಸವೆಂದು ಎಣಿಸುತ್ತಿರಲಿಲ್ಲ.

ಅಪ್ಗಾರ್ ಅವರು ನಿರಾಶೆಯಲ್ಲಿ ಕೂರಲಿಲ್ಲ. ಮೊದಲು ತಮ್ಮ ಆಸ್ಪತ್ರೆಯ ದಾದಿಯರ ಬಳಿಯಲ್ಲಿಯೇ ಅರಿವಳಿಕೆಯ ಪಾಠವನ್ನು ಕಲಿತರು. ಅನಂತರ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ವಾಟರ್ಸ್ ಎಂಬ ಪ್ರಸಿದ್ಧ ವೈದ್ಯರಲ್ಲಿಯೂ, ತರುವಾಯ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿಯೂ ಶಿಷ್ಯವೃತ್ತಿ ಮಾಡಿದರು. ಮಹಿಳೆಯಾದ ವೈದ್ಯೆಗೆ ತಂಗಲು ಒಂದು ಕೊಠಡಿ ದೊರೆಯುವುದೂ ಆಗ ಸುಲಭವಾಗಿರಲಿಲ್ಲ. 1938ರಲ್ಲಿ ಕೊಲಂಬಿಯಾಕ್ಕೆ ಮರಳಿ ಅರಿವಳಿಕೆ ವಿಭಾಗದ ಮುಖ್ಯಸ್ಥೆಯಾದರು. ಹೆಸರಿಗೆ ಮುಖ್ಯಸ್ಥೆ, ಸಹಾಯಕರು ಸಾಲದು, ಸಂಬಳ ಸಾಲದು, ಶಸ್ತ್ರವೈದ್ಯರಿಂದ ಸಮಾನರೆಂಬ ಗೌರವವೂ ಸಾಲದು. ಹನ್ನೊಂದು ವರ್ಷ ದುಡಿದು ಅವರು ಆ ವಿಭಾಗವನ್ನು ಬೆಳೆಸಿದರು. 1949ರಲ್ಲಿ ಆ ಕಾಲೇಜಿನಲ್ಲಿ ಪೂರ್ಣ ಪ್ರಾಧ್ಯಾಪಕರ ಪದವಿಗೇರಿದ ಪ್ರಥಮ ಮಹಿಳೆಯೆಂಬ ಕೀರ್ತಿ ಅವರದಾಯಿತು. ಆದರೆ ಅದೇ ವರ್ಷ ವಿಭಾಗವು ಸ್ವತಂತ್ರ ಶಾಖೆಯಾಗಿ ಮೇಲೇರಿದಾಗ ಅದರ ಮುಖ್ಯ ಪೀಠ ದೊರೆತದ್ದು ಬೇರೊಬ್ಬ ವೈದ್ಯರಿಗೆ. ತಾವು ನೆಟ್ಟು ನೀರೆರೆದ ಗಿಡದ ಫಲ ಇತರರ ಕೈಸೇರಿದಾಗ ಯಾರಿಗೆ ತಾನೆ ವ್ಯಥೆಯಾಗದು? ಆಡಳಿತದ ಭಾರದಿಂದ ಬಿಡುಗಡೆ ಹೊಂದಿದ ಆಕೆ ತಮ್ಮ ಪೂರ್ಣ ಗಮನವನ್ನು ಅದೇ ಸಂಸ್ಥೆಗೆ ಸೇರಿದ ಸ್ಲೋನ್ ಮಹಿಳಾ ಆಸ್ಪತ್ರೆಯ ಹೆರಿಗೆಯ ಕೊಠಡಿಯತ್ತ ತಿರುಗಿಸಿದರು. ಅಲ್ಲಿಯೇ ಆಕೆಯ ಜೀವನದ ಮಹತ್ಕಾರ್ಯ ಕಾದಿದ್ದಿತು.

ಆ ಕಾಲದ ಹೆರಿಗೆಯ ಕೊಠಡಿ ಹೇಗಿದ್ದಿತೆಂಬುದನ್ನು ನಾವು ಇಲ್ಲಿ ತಿಳಿದುಕೊಳ್ಳಬೇಕು. ಮಗು ಹುಟ್ಟಿದೊಡನೆ ವೈದ್ಯರ ಲಕ್ಷ್ಯವೆಲ್ಲ ತಾಯಿಯ ಕಡೆಗೆ. ತಾಯಿಯ ಪ್ರಾಣ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಕ್ಕದಲ್ಲಿ ಬಟ್ಟೆಯೊಳಗೆ ಮಲಗಿದ್ದ ಪುಟ್ಟ ಜೀವವನ್ನು ಕ್ರಮವಾಗಿ ಪರೀಕ್ಷಿಸಬೇಕೆಂಬ ನಿಯಮವೇ ಇರಲಿಲ್ಲ. ನಮ್ಮ ನಾಡಿನ ಸೂಲಗಿತ್ತಿಯರಂತೆ ಅಲ್ಲಿಯೂ ಮಗು ಅತ್ತಿತೇ ಎಂಬುದೊಂದೇ ಪ್ರಶ್ನೆ. ಅತ್ತರೆ ಸಂತೋಷ. ಅಳದಿದ್ದರೆ ಒಬ್ಬರು ಬೆನ್ನು ತಟ್ಟುವರು, ಇನ್ನೊಬ್ಬರು ಮತ್ತೇನನ್ನೋ ಮಾಡುವರು. ಯಾವಾಗ ಮಾಡಬೇಕು, ಎಷ್ಟು ಬೇಗ ಮಾಡಬೇಕು ಎಂಬುದಕ್ಕೆ ಗೊತ್ತಾದ ಕಟ್ಟಳೆಯಿಲ್ಲ. ನೀಲಿಗಟ್ಟಿ, ಉಸಿರಾಡದೆ, ಜೋತುಬಿದ್ದಂತೆ ಹುಟ್ಟಿದ ಎಷ್ಟೋ ಕೂಸುಗಳನ್ನು ಹುಟ್ಟುವಾಗಲೇ ಸತ್ತಿದ್ದವೆಂದು ದಾಖಲೆಯಲ್ಲಿ ಬರೆದುಬಿಡುತ್ತಿದ್ದರು. ಅವುಗಳಲ್ಲಿ ಕೆಲವಕ್ಕಾದರೂ ಹೃದಯ ಇನ್ನೂ ಮಿಡಿಯುತ್ತಿದ್ದಿತು. ಆ ಮಿಡಿತವನ್ನು ಕೇಳುವವರಿರಲಿಲ್ಲ. ಹುಟ್ಟಿದ ಮೊದಲ ದಿನವನ್ನು ದಾಟಿದ ಮಕ್ಕಳು ಹಿಂದಿಗಿಂತ ಹೆಚ್ಚಾಗಿ ಬದುಕುತ್ತಿದ್ದರು. ಮೊದಲ ದಿನದ ಮರಣಗಳು ಮಾತ್ರ ತಗ್ಗಿರಲಿಲ್ಲ. ಈ ಸಂಗತಿ ಅಪ್ಗಾರ್ ಅವರ ಮನಸ್ಸನ್ನು ಕಲಕಿತು.

1949ರಲ್ಲಿ ಒಂದು ಮುಂಜಾನೆ ಆಕೆ ಆಸ್ಪತ್ರೆಯ ಉಪಾಹಾರಗೃಹದಲ್ಲಿ ಕುಳಿತಿದ್ದಾಗ ವೈದ್ಯ ವಿದ್ಯಾರ್ಥಿಯೊಬ್ಬನು, ಆಗತಾನೆ ಹುಟ್ಟಿದ ಶಿಶುವಿನ ಸ್ಥಿತಿಯನ್ನು ಅಳೆಯುವುದು ಹೇಗೆಂದು ಕೇಳಿದನೆಂದೂ, ಅದು ಬಹು ಸುಲಭವೆಂದು ನುಡಿದು ಆಕೆ ಕೈಗೆ ಸಿಕ್ಕ ಕಾಗದದ ಮೇಲೆ ಐದು ಅಂಶಗಳನ್ನು ಗೀಚಿ, ಒಡನೆಯೇ ಎದ್ದು ಅವನ್ನು ಪರೀಕ್ಷಿಸಿ ನೋಡಲು ಹೆರಿಗೆಯ ಕೊಠಡಿಗೆ ಧಾವಿಸಿದರೆಂದೂ ಹೇಳುತ್ತಾರೆ. ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ ಎಂಥ ಫಲ ಉಂಟಾಯಿತು ನೋಡಿರಿ! ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳಲು ಸಂಕೋಚಪಡುವ ಮಿತ್ರರು ಇದನ್ನು ನೆನಪಿಡಬೇಕು.

ಆ ಐದು ಅಂಶಗಳು ಇವು. ಮೊದಲನೆಯದು ಹೃದಯದ ಬಡಿತ: ನಿಮಿಷಕ್ಕೆ 100ಕ್ಕಿಂತ ಹೆಚ್ಚಾಗಿದ್ದರೆ 2 ಅಂಕ, ಅದಕ್ಕಿಂತ ಕಡಿಮೆಯಾಗಿದ್ದರೆ 1, ಬಡಿತವೇ ಇಲ್ಲದಿದ್ದರೆ ಸೊನ್ನೆ. ಎರಡನೆಯದು ಉಸಿರಾಟ: ಮಗು ಗಟ್ಟಿಯಾಗಿ ಅತ್ತು ಚೆನ್ನಾಗಿ ಉಸಿರಾಡಿದರೆ 2, ಉಸಿರು ನಿಧಾನವಾಗಿ ತಡೆತಡೆದು ಬಂದರೆ 1, ಬಾರದಿದ್ದರೆ ಸೊನ್ನೆ. ಮೂರನೆಯದು ಪ್ರತಿಕ್ರಿಯೆ: ಮೂಗಿನ ಹೊಳ್ಳೆಗೆ ಸಣ್ಣ ನಳಿಕೆಯನ್ನು ಸೋಕಿಸಿದಾಗ ಅಥವಾ ಅಂಗಾಲನ್ನು ತಟ್ಟಿದಾಗ ಮಗು ಸೀನಿದರೆ, ಕೆಮ್ಮಿದರೆ ಅಥವಾ ಅತ್ತರೆ 2, ಬರಿಯ ಮುಖ ಸಿಂಡರಿಸಿದರೆ 1. ನಾಲ್ಕನೆಯದು ಸ್ನಾಯುಗಳ ಬಿಗಿ: ಕೈಕಾಲುಗಳನ್ನು ಮಡಿಸಿ ಚೆನ್ನಾಗಿ ಆಡಿಸಿದರೆ 2, ಸ್ವಲ್ಪ ಮಡಿಸಿದರೆ 1, ಬಟ್ಟೆಯಂತೆ ಜೋತುಬಿದ್ದರೆ ಸೊನ್ನೆ. ಐದನೆಯದು ಮೈಬಣ್ಣ: ಮೈಯೆಲ್ಲ ನಸುಗೆಂಪಾಗಿದ್ದರೆ 2, ಮೈ ಕೆಂಪಾಗಿ ಕೈಕಾಲುಗಳು ಮಾತ್ರ ನೀಲಿಯಾಗಿದ್ದರೆ 1, ಮೈಯೆಲ್ಲ ನೀಲಿಯಾಗಿದ್ದರೆ ಅಥವಾ ಬಿಳಿಚಿಕೊಂಡಿದ್ದರೆ ಸೊನ್ನೆ. ನಮ್ಮಂಥ ಕಪ್ಪು, ಎಣ್ಣೆಗೆಂಪು ಮೈಬಣ್ಣದವರ ಕೂಸುಗಳಲ್ಲಿ ತುಟಿ, ನಾಲಗೆ, ಅಂಗೈಗಳನ್ನು ನೋಡಿ ಇದನ್ನು ತಿಳಿಯಬೇಕಾಗುತ್ತದೆ. ಮೊದಲ ನಿಮಿಷದಲ್ಲಿ ಹೆಚ್ಚಿನ ಆರೋಗ್ಯವಂತ ಶಿಶುಗಳ ಕೈಕಾಲುಗಳೂ ನೀಲಿಯಾಗಿಯೇ ಇರುವುದರಿಂದ 10ಕ್ಕೆ 10 ಪಡೆಯುವವರು ವಿರಳ. 9 ಬಂದವರು ನಾಚಿಕೊಳ್ಳಬೇಕಾದುದಿಲ್ಲ!

ಈ ಪರೀಕ್ಷೆಯ ಹಿರಿಮೆ ಇರುವುದು ಅದರ ಸರಳತೆಯಲ್ಲಿ. ಇದಕ್ಕೆ ಬೆಲೆಬಾಳುವ ಯಂತ್ರವಿಲ್ಲ, ಔಷಧವಿಲ್ಲ, ರಕ್ತಪರೀಕ್ಷೆಯಿಲ್ಲ. ನೋಡುವ ಕಣ್ಣು, ಕೇಳುವ ಕಿವಿ, ಮುಟ್ಟುವ ಕೈ, ಒಂದು ಗಡಿಯಾರ ಇದ್ದರೆ ಸಾಕು. ಆದರೆ ಅಂಕ ಹಾಕಬೇಕಾದರೆ ಮಗುವನ್ನು ನೋಡಲೇಬೇಕು, ಗೊತ್ತಾದ ವೇಳೆಯಲ್ಲಿ ನೋಡಲೇಬೇಕು, ನೋಡಿದುದನ್ನು ಬರೆದಿಡಲೇಬೇಕು. ಹೆರಿಗೆ ಮಾಡಿಸಿದ ವೈದ್ಯರೇ ಅಂಕ ಹಾಕಬಾರದೆಂದೂ, ಅವರಿಗೆ ತಮ್ಮ ಕೆಲಸದ ಮೇಲೆ ಅಭಿಮಾನವಿರುವುದರಿಂದ ಬೇರೊಬ್ಬರು ಹಾಕಬೇಕೆಂದೂ ಅಪ್ಗಾರ್ ಅವರು ಸೂಚಿಸಿದರು. ಇದುವರೆಗೆ ಮೂಲೆಯಲ್ಲಿದ್ದ ಶಿಶುವು ಈ ಒಂದು ಅಂಕದಿಂದ ಎಲ್ಲರ ಕಣ್ಣೆದುರಿಗೆ ಬಂದಿತು.

1952ರಲ್ಲಿ ಆಕೆ ಈ ವಿಧಾನವನ್ನು ಅರಿವಳಿಕೆ ವೈದ್ಯರ ಸಮ್ಮೇಳನವೊಂದರಲ್ಲಿ ನಿರೂಪಿಸಿ ಮರುವರ್ಷ ಪ್ರಕಟಿಸಿದರು. ಸಾವಿರಕ್ಕೂ ಮಿಕ್ಕ ಶಿಶುಗಳನ್ನು ನೋಡಿ ಬರೆದ ಆ ಪ್ರಬಂಧದ ಫಲಿತಾಂಶಗಳು ವೈದ್ಯರನ್ನು ಎಚ್ಚರಿಸಿದವು. 8ರಿಂದ 10 ಅಂಕ ಪಡೆದ ಶಿಶುಗಳಲ್ಲಿ ಸಾವು ಸಾವಿರಕ್ಕೆ ಒಂದರಷ್ಟು. 2 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವುಗಳಲ್ಲಿ ನೂರಕ್ಕೆ 14. ಎಂದಮೇಲೆ ಯಾವ ಶಿಶುವಿಗೆ ಕೂಡಲೇ ನೆರವು ಬೇಕೆಂಬುದು ಆ ಅಂಕದಿಂದಲೇ ತಿಳಿಯುವಂತಾಯಿತು. ಕೆಲವು ವರ್ಷಗಳ ತರುವಾಯ 15,000ಕ್ಕೂ ಹೆಚ್ಚು ಶಿಶುಗಳ ಲೆಕ್ಕದಿಂದ ಇದು ಮತ್ತೆ ದೃಢಪಟ್ಟಿತು. ಕೊಟ್ಟ ನೆರವು ಫಲಿಸಿತೇ ಎಂಬುದನ್ನು ತಿಳಿಯಲು ಐದನೆಯ ನಿಮಿಷದಲ್ಲಿಯೂ ಅಂಕ ಹಾಕುವ ರೂಢಿ ಬಂದಿತು.

ಅಪ್ಗಾರ್ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಡಂಕನ್ ಹೊಲಡೇ ಮತ್ತು ಸ್ಟಾನ್ಲಿ ಜೇಮ್ಸ್ ಎಂಬ ವೈದ್ಯರೊಡನೆ ಸೇರಿ, ಕಡಿಮೆ ಅಂಕದ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಅಂಥವುಗಳ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿ ಆಮ್ಲದ ಅಂಶ ಹೆಚ್ಚಾಗಿರುವುದು ಕಂಡುಬಂದಿತು. ಹುಟ್ಟಿದ ಶಿಶುವಿನಲ್ಲಿ ಸ್ವಲ್ಪ ಹೊತ್ತು ಆಮ್ಲಜನಕದ ಕೊರತೆ ಇರುವುದು ಸಹಜವೆಂದು ನಂಬಿ ಕೈಕಟ್ಟಿ ನಿಲ್ಲುತ್ತಿದ್ದ ಹಳೆಯ ಪದ್ಧತಿ ಇದರಿಂದ ಸಡಿಲವಾಯಿತು. ಇದೇ ಸಂಶೋಧನೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಹೆರಿಗೆಯಲ್ಲಿ ತಾಯಿಗೆ ಕೊಡುತ್ತಿದ್ದ ಸೈಕ್ಲೋಪ್ರೊಪೇನ್ ಎಂಬ ಅರಿವಳಿಕೆಯ ಅನಿಲವು ಮಗುವನ್ನು ಮಂಕುಗೊಳಿಸುತ್ತಿದ್ದಿತು. ಅದು ಅಪ್ಗಾರ್ ಅವರಿಗೆ ಅತ್ಯಂತ ಪ್ರಿಯವಾಗಿದ್ದ ಅನಿಲ. ಆದರೂ ಅಂಕಗಳು ನುಡಿದ ಸತ್ಯದ ಮುಂದೆ ಆಕೆ ತಮ್ಮ ಮೆಚ್ಚುಗೆಯನ್ನು ಬದಿಗಿಟ್ಟು, ಹೆರಿಗೆಯಲ್ಲಿ ಅದರ ಉಪಯೋಗವನ್ನು ಕೂಡಲೇ ಬಿಟ್ಟುಬಿಟ್ಟರು. ನಿಜವಾದ ವಿಜ್ಞಾನಿಯ ಲಕ್ಷಣ ಇದೇ ಅಲ್ಲವೇ?

ಈ ಪರೀಕ್ಷೆ ಬಹುಬೇಗ ದೇಶದೇಶಗಳಿಗೆ ಹರಡಿತು. ಆಕೆಯ ಹೆಸರಿನ ಐದು ಇಂಗ್ಲಿಷ್ ಅಕ್ಷರಗಳನ್ನೇ ಐದು ಲಕ್ಷಣಗಳಿಗೆ ಹೊಂದಿಸಿ, ವಿದ್ಯಾರ್ಥಿಗಳು ಸುಲಭವಾಗಿ ನೆನಪಿಡುವಂತೆ ಮಾಡಿದವರು 1960ರ ದಶಕದ ಆರಂಭದಲ್ಲಿ ಜೋಸೆಫ್ ಬಟರ್‌ಫೀಲ್ಡ್ ಎಂಬ ವೈದ್ಯರು. ಇದು ಎಷ್ಟರಮಟ್ಟಿಗೆ ರೂಢಿಗೆ ಬಂದಿತೆಂದರೆ, ಅಪ್ಗಾರ್ ಎಂಬುದು ಒಬ್ಬ ಮನುಷ್ಯರ ಹೆಸರೆಂಬುದನ್ನೇ ಅರಿಯದ ವೈದ್ಯರು ಅನೇಕರು ಇದ್ದರು! ಆದರೆ ಅಂಕದ ಮಿತಿಯನ್ನೂ ನಾವು ತಿಳಿದಿರಬೇಕು. ಮಗು ಮುಂದೆ ಬುದ್ಧಿವಂತನಾಗುವನೇ, ಬಲಶಾಲಿಯಾಗುವನೇ ಎಂಬುದನ್ನು ಇದು ಹೇಳಲಾರದು. ಉಸಿರಾಡದ ಮಗುವಿಗೆ ನೆರವು ಕೊಡಲು ಒಂದು ನಿಮಿಷದ ಅಂಕಕ್ಕಾಗಿ ಕಾಯಬಾರದೆಂಬುದು ಇಂದಿನ ವೈದ್ಯರ ನಿಯಮ. ಅವರು ಹುಟ್ಟಿದ ಕ್ಷಣದಿಂದಲೇ ಕೆಲಸಕ್ಕೆ ತೊಡಗುತ್ತಾರೆ.

ಐವತ್ತರ ವಯಸ್ಸಿನಲ್ಲಿ ಇತರರು ವಿಶ್ರಾಂತಿಯನ್ನು ನೆನೆಯುವಾಗ ಅಪ್ಗಾರ್ ಅವರು ಮತ್ತೆ ವಿದ್ಯಾರ್ಥಿನಿಯಾದರು. 1959ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಸಾರ್ವಜನಿಕ ಆರೋಗ್ಯ ಶಾಸ್ತ್ರದಲ್ಲಿ ಪದವಿ ಪಡೆದು, ಮಾರ್ಚ್ ಆಫ್ ಡೈಮ್ಸ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸಂಸ್ಥೆಯನ್ನು ಸೇರಿದರು. ಪೋಲಿಯೋ ರೋಗವನ್ನು ಎದುರಿಸಲು ಅಧ್ಯಕ್ಷ ರೂಸ್‌ವೆಲ್ಟರು 1938ರಲ್ಲಿ ಸ್ಥಾಪಿಸಿದ ಆ ಸಂಸ್ಥೆ, ಪೋಲಿಯೋ ಲಸಿಕೆ ಬಂದ ತರುವಾಯ ಹುಟ್ಟಿನಿಂದಲೇ ಬರುವ ಊನಗಳ ಕಡೆಗೆ ಗಮನ ಹರಿಸಿದ್ದಿತು. ಅಂಥ ಮಕ್ಕಳನ್ನು ನಾಚಿಕೆಯಿಂದ ಮರೆಮಾಡುತ್ತಿದ್ದ ಕಾಲವದು. ಅಪ್ಗಾರ್ ಅವರು ಊರೂರು ಸುತ್ತಿ, ಭಾಷಣ ಮಾಡಿ, ಲೇಖನ ಬರೆದು, ಇದು ಪಾಪದ ಫಲವಲ್ಲ, ವಿಜ್ಞಾನದಿಂದ ತಿಳಿಯತಕ್ಕ ಸಂಗತಿ ಎಂದು ಜನರಿಗೆ ಮನವರಿಕೆ ಮಾಡಿಕೊಟ್ಟರು. 1964-65ರಲ್ಲಿ ಅಮೇರಿಕಾದಲ್ಲಿ ರುಬೆಲ್ಲಾ ಜ್ವರ ಹಬ್ಬಿ, ಸಾವಿರಾರು ಶಿಶುಗಳು ಕಣ್ಣು, ಕಿವಿ, ಹೃದಯಗಳ ಊನದಿಂದ ಹುಟ್ಟಿದಾಗ ಲಸಿಕೆಯ ಅಗತ್ಯವನ್ನು ಒತ್ತಿ ಹೇಳಿದವರಲ್ಲಿ ಆಕೆಯೂ ಒಬ್ಬರು. ನಮ್ಮ ದೇಶದಲ್ಲಿಯೂ 2017ರಿಂದ ದಡಾರ ಹಾಗೂ ರುಬೆಲ್ಲಾ ಲಸಿಕೆಯ ಅಭಿಯಾನ ಶಾಲೆ ಶಾಲೆಗಳಲ್ಲಿ ನಡೆದುದು ಇದೇ ಊನಗಳನ್ನು ತಡೆಯುವುದಕ್ಕಾಗಿ.

ಇಷ್ಟು ಗಂಭೀರ ಕಾರ್ಯದಲ್ಲಿ ತೊಡಗಿದವರು ಸದಾ ಗಂಟುಮುಖದವರೆಂದು ಭಾವಿಸಬೇಡಿರಿ. ಅಪ್ಗಾರ್ ಅವರು ಮಾತಿನಲ್ಲಿ ವೇಗ, ನಡಿಗೆಯಲ್ಲಿ ವೇಗ, ನಗುವಿನಲ್ಲಿ ಧಾರಾಳ. ಕಾರ್ಲೀನ್ ಹಚಿನ್ಸ್ ಎಂಬ ವಾದ್ಯಶಿಲ್ಪಿಯು ರೋಗಿಯಾಗಿ ಬಂದಾಗ ಪರಿಚಯವಾಗಿ, ಆಕೆಯಿಂದ ಅಪ್ಗಾರ್ ಅವರು ಪಿಟೀಲು ಮೊದಲಾದ ತಂತಿವಾದ್ಯಗಳನ್ನು ತಯಾರಿಸುವ ಕಲೆಯನ್ನು ಕಲಿತರು. ಆಸ್ಪತ್ರೆಯ ದೂರವಾಣಿ ಗೂಡಿನ ಹಲಗೆಯೊಂದು ವಾದ್ಯಕ್ಕೆ ಬಲು ಯೋಗ್ಯವಾದ ಮರವೆಂದು ಕಂಡಿತು. ಕೇಳಿದರೆ ಕೊಡಲಿಲ್ಲ. ಇಬ್ಬರೂ ಒಂದು ರಾತ್ರಿ ಬಣ್ಣ ಬಳಿದ ಬೇರೆ ಹಲಗೆಯನ್ನು ತಂದು, ಒಬ್ಬರು ಕಾವಲು ನಿಂತು ಇನ್ನೊಬ್ಬರು ಅದಲುಬದಲು ಮಾಡಲು ಹೊರಟರು. ಹೊಸ ಹಲಗೆ ಕೂದಲೆಳೆಯಷ್ಟು ಉದ್ದವಾಗಿ, ಪಕ್ಕದ ಶೌಚಗೃಹದಲ್ಲಿ ಗರಗಸದಿಂದ ಅದನ್ನು ಕೊಯ್ಯಬೇಕಾಯಿತಂತೆ! ಆ ಹಲಗೆ ಒಂದು ವಾದ್ಯದ ಬೆನ್ನಾಯಿತು. ನಮ್ಮ ವಿದ್ಯಾರ್ಥಿಗಳು ಈ ಒಂದು ವಿಷಯದಲ್ಲಿ ಮಾತ್ರ ಆಕೆಯನ್ನು ಅನುಸರಿಸಬಾರದೆಂದು ಎಚ್ಚರಿಕೆ ಕೊಡುತ್ತೇವೆ.

ಎಲ್ಲಿಗೆ ಹೋದರೂ ಆಕೆಯ ಕೈಚೀಲದಲ್ಲಿ ಒಂದು ಚಿಕ್ಕ ಚಾಕು, ಉಸಿರುದಾರಿಗೆ ಹಾಕುವ ಒಂದು ನಳಿಕೆ ಸಿದ್ಧವಾಗಿರುತ್ತಿದ್ದವು. ಬೀದಿಯಲ್ಲಿಯಾಗಲಿ, ಆಸ್ಪತ್ರೆಯಲ್ಲಿಯಾಗಲಿ, ತಮ್ಮ ಕಣ್ಣೆದುರಿಗೆ ಯಾರೊಬ್ಬರ ಉಸಿರೂ ನಿಲ್ಲಕೂಡದೆಂಬುದು ಆಕೆಯ ಹಟ. ವಯಸ್ಸು ಐವತ್ತು ದಾಟಿದ ಮೇಲೆ ವಿಮಾನ ನಡೆಸುವುದನ್ನು ಕಲಿಯತೊಡಗಿದರು. ವಿವಾಹವಾಗಲಿಲ್ಲ, ತಾವು ಹೆರಿಗೆಯ ಕೊಠಡಿಯಲ್ಲಿ ಬರಮಾಡಿಕೊಂಡ ಸಾವಿರಾರು ಶಿಶುಗಳೇ ಆಕೆಯ ಮಕ್ಕಳು. 1974ನೆಯ ಇಸವಿ ಆಗಸ್ಟ್ 7ರಂದು, ತಾವು ವಿದ್ಯೆ ಕಲಿತು ದುಡಿದ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿಯೇ ದೇಹಬಿಟ್ಟರು. 1994ರಲ್ಲಿ ಅಮೇರಿಕಾ ಸರ್ಕಾರವು ಆಕೆಯ ಚಿತ್ರವಿರುವ 20 ಸೆಂಟಿನ ಅಂಚೆ ಚೀಟಿಯನ್ನು ಹೊರಡಿಸಿ ಗೌರವಿಸಿತು.

ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಶಿಶುವಿನ ದಾಖಲೆಯ ಹಾಳೆಯಲ್ಲಿ ಅಪ್ಗಾರ್ ಅಂಕಕ್ಕೆ ಒಂದು ಸ್ಥಳವಿರುತ್ತದೆ. ಹುಟ್ಟಿದ ಮಗುವನ್ನು ಒರೆಸಿ ಬೆಚ್ಚಗಿಡುವುದು, ಉಸಿರುದಾರಿಯನ್ನು ತೆರವು ಮಾಡುವುದು, ಅಗತ್ಯವಾದರೆ ಕೈಯಿಂದ ಒತ್ತುವ ಚೀಲದ ಮೂಲಕ ಗಾಳಿ ಕೊಡುವುದು ಎಂಬೀ ಕ್ರಮಗಳನ್ನು ದಾದಿಯರಿಗೂ ವೈದ್ಯರಿಗೂ ಕಲಿಸಲು ಭಾರತ ಸರ್ಕಾರವು 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು ಆರಂಭಿಸಿತು. ಮೊದಲ ನಿಮಿಷಕ್ಕೆ ಸುವರ್ಣ ನಿಮಿಷವೆಂಬ ಹೆಸರೇ ಬಂದಿದೆ.

ಶಸ್ತ್ರವೈದ್ಯೆಯಾಗುವ ಹಂಬಲ ಈಡೇರಲಿಲ್ಲ; ತಾವು ಕಟ್ಟಿದ ವಿಭಾಗದ ಪೀಠವೂ ದೊರೆಯಲಿಲ್ಲ. ಆದರೆ ಎಲ್ಲರೂ ತಾಯಿಯ ಕಡೆಗೆ ಮುಖ ತಿರುಗಿಸಿ ನಿಂತಿದ್ದ ಕೊಠಡಿಯಲ್ಲಿ ಆಕೆ ಕೂಸಿನ ಕಡೆಗೆ ತಿರುಗಿ ನೋಡಿದರು. ಇತರರೂ ನೋಡಲೇಬೇಕಾದಂತೆ ಒಂದು ಕಟ್ಟಳೆಯನ್ನು ಮಾಡಿಟ್ಟರು. ಇಂದು ಮನೆಗೆ ಹೋದಾಗ ನಮ್ಮ ತಾಯಂದಿರನ್ನು ಕೇಳೋಣ: ಹುಟ್ಟಿದಾಗ ನಾವು ಅತ್ತೆವೇ, ನಮ್ಮನ್ನು ಮೊದಲು ಎತ್ತಿಕೊಂಡ ದಾದಿ ಯಾರು ಎಂದು. ಆ ದಾದಿಯ ಹೆಸರು ಅವರಿಗೆ ನೆನಪಿರಲಾರದು. ಹೆಸರು ತಿಳಿಯದ ಆ ಕೈಗಳಿಗೂ, ಆ ಕೈಗಳಿಗೆ ದಾರಿ ತೋರಿಸಿದ ಡಾಕ್ಟರ್ ಅಪ್ಗಾರ್ ಅವರಿಗೂ ನಾವು ಋಣಿಗಳಾಗಿದ್ದೇವೆ.